ನೀಲಗಂಗಾಳ ನೂರಾ ಇಪ್ಪತ್ತು ಉತ್ತರಗಳು

ಪಾರ್ಶ್ವವಾಯು ಬಡಿದ ಮೇಲೆ ನೀಲಗಂಗಾಳ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು: ‘ರೈಟ್.’

ಇಪ್ಪತ್ತೆಂಟು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವಳು. ದಿನಕ್ಕೆ ನೂರಾರು ಸಲ ಆಡಿದ ಆ ಮಾತು ಮಿದುಳಿನ ಯಾವ ಮೂಲೆಯಲ್ಲಿ ಬೇರು ಬಿಟ್ಟಿತ್ತೋ, ಉಳಿದದ್ದೆಲ್ಲ ಕೊಚ್ಚಿಹೋದರೂ ಅದೊಂದು ನಿಂತಿತು. ನೀರು ಬೇಕಾದರೂ ‘ರೈಟ್’, ನೋವಾದರೂ ‘ರೈಟ್’, ಪಕ್ಕದ ಮನೆಯವರು ಬಂದು ಹೇಗಿದ್ದೀರಿ ಎಂದರೆ ‘ರೈಟ್, ರೈಟ್’. ಬಲಗೈ ಬಲಗಾಲು ಸೋತಿದ್ದವು. ಕಾಲು ನಾಲ್ಕು ತಿಂಗಳಲ್ಲಿ ಒಂದಿಷ್ಟು ಹಿಡಿತಕ್ಕೆ ಬಂತು, ಕೋಲೂರಿ ನಡೆಯುವಷ್ಟು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದ್ದು ಮಾತ್ರ ಒಳಗೇ ಉಳಿಯುತ್ತಿತ್ತು. ತಲೆ ಆಡಿಸಿ ಹೌದು, ಅಲ್ಲ ಎನ್ನಲು ಹೋದರೆ ಎರಡೂ ಅದಲುಬದಲಾಗುತ್ತಿದ್ದವು. ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೆರೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಅವಳ ಗಂಡ ಅಂದಾನಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅರವತ್ತು ವರ್ಷ. ಮಿತಭಾಷಿ. ಶಾಲಾ ಪುಸ್ತಕ, ಪಂಚಾಂಗ, ಲಗ್ನಪತ್ರಿಕೆ, ಏನು ಬಂದರೂ ಕನ್ನಡಕ ಮೂಗಿನ ತುದಿಗಿಳಿಸಿ ಕೆಂಪು ಪೆನ್ನು ಹಿಡಿದು ಕುಳಿತರೆ ಒಂದು ಒತ್ತಕ್ಷರವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೆಂಡತಿಗೆ ಹೀಗಾದ ಮೇಲೆ ಅವನು ಕೆಲಸವನ್ನು ಮನೆಗೇ ತರಿಸಿಕೊಂಡ. ಅವಳಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವುದು ಎಲ್ಲ ಕಲಿತ. ಧಾರವಾಡದಲ್ಲಿ ಒಂದು ಸಂಶೋಧನಾ ಕೇಂದ್ರದವರು ಮಾತು ಹೋದವರಿಗೆ ಯಂತ್ರದಿಂದ ಮಾತು ಕೊಡುವ ಪ್ರಯೋಗ ನಡೆಸಿದ್ದಾರೆಂದು ಪತ್ರಿಕೆಯ ಕರಡಿನಲ್ಲೇ ಓದಿ, ಅಂದೇ ಅರ್ಜಿ ಹಾಕಿದವನೂ ಅವನೇ.

ಯಂತ್ರವೆಂದರೆ ನೋಡಲಿಕ್ಕೆ ಒಂದು ಟೊಪ್ಪಿಗೆ. ಉಣ್ಣೆಯಷ್ಟು ಮೆತ್ತಗಿನ ಬಲೆ, ಅದರ ಒಳಮೈಗೆಲ್ಲ ಸಾಸಿವೆ ಗಾತ್ರದ ಗುಂಡಿಗಳು. ಮಿದುಳಿನಲ್ಲಿ ಏಳುವ ಸಣ್ಣ ಸಣ್ಣ ವಿದ್ಯುತ್ ಅಲೆಗಳನ್ನು ಆ ಗುಂಡಿಗಳು ಹಿಡಿಯುತ್ತವೆ. ಯಾವ ಅಲೆ ಯಾವ ಮಾತಿನದು ಎಂದು ಗೊತ್ತಾದರೆ, ಕೊರಳಿಗೆ ತೂಗುಬಿಟ್ಟ ಪುಟ್ಟ ಪೆಟ್ಟಿಗೆ ಅದನ್ನು ಗಟ್ಟಿಯಾಗಿ ನುಡಿಯುತ್ತದೆ.

“ಆ ಗೊತ್ತಾಗೋದಿದೆಯಲ್ಲ, ಅದೇ ಕಷ್ಟ,” ಎಂದಳು ಪ್ರಯೋಗದ ಹೊಣೆ ಹೊತ್ತಿದ್ದ ಡಾಕ್ಟರ್ ಅರುಂಧತಿ. ಮೈಸೂರಿನ ಕಡೆಯವಳು, ನಲವತ್ತರ ಸುಮಾರಿನವಳು. “ಒಬ್ಬೊಬ್ಬರ ತಲೇಲೂ ಮಾತು ಬೇರೆ ಬೇರೆ ಥರ ಕೂತಿರುತ್ತೆ. ಹಸು, ಬಿಂದಿಗೆ ಅಂತ ಚಿತ್ರ ತೋರಿಸಿ ಹೆಸರು ಕಲಿಸಬಹುದು. ಆದ್ರೆ ಅಷ್ಟರಿಂದ ಮಾತು ಬರಲ್ಲ ಸರ್. ಹೇಳಬೇಕು ಅನ್ನೋ ಆಸೆ ಇದ್ದಾಗ ಏಳೋ ಅಲೇನೇ ಬೇರೆ. ಅದಕ್ಕೇ ಈ ಪ್ರಶ್ನೆಗಳು.”

ಅವಳು ಕೊಟ್ಟ ಹಾಳೆಗಳಲ್ಲಿ ನೂರಾ ಇಪ್ಪತ್ತು ಪ್ರಶ್ನೆಗಳಿದ್ದವು. ನಿಮಗೆ ಇಷ್ಟವಾದ ಸಿಹಿ ಯಾವುದು? ಯಾವ ಬಣ್ಣ ಇಷ್ಟ? ಚಿಕ್ಕವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ? ಯಾವ ವಾಸನೆ ಬಂದರೆ ಸುಮ್ಮನೆ ಖುಷಿಯಾಗುತ್ತದೆ? ಒಂದು ದಿನದ ಮಟ್ಟಿಗೆ ಬೇರೆ ಯಾರಾದರೂ ಆಗಬಹುದಾದರೆ ಯಾರಾಗುತ್ತೀರಿ?

“ಇದೇನ್ರೀ ಮೇಡಂ, ಹುಡುಗಾಟದ ಪ್ರಶ್ನೆ ಇದ್ದಂಗ ಅದಾವು,” ಎಂದ ಅಂದಾನಪ್ಪ.

“ಹುಡುಗಾಟದವೇ ಬೇಕು. ಸಿಟ್ಟು, ದುಃಖದ ವಿಷಯ ಎತ್ತಿದ್ರೆ ಅಲೆಗಳು ಕಲಸಿಹೋಗ್ತವೆ. ಇಷ್ಟಾನಿಷ್ಟ ಕೇಳಿದ್ರೆ ಮನಸ್ಸು ತಿಳಿಯಾಗಿ, ಪ್ರತಿ ಸಲಾನೂ ಒಂದೇ ಥರ ಉತ್ತರ ಕೊಡುತ್ತೆ. ನಾವು ಪ್ರಶ್ನೆ ಓದ್ತೀವಿ, ಅಮ್ಮ ಮನಸ್ಸಲ್ಲೇ ಉತ್ತರ ಅಂದ್ಕೋತಾರೆ. ಸರಿಯಾದ ಉತ್ತರ ಏನು ಅಂತ ಯಂತ್ರಕ್ಕೆ ಮೊದಲೇ ಗೊತ್ತಿರಬೇಕು. ಅದನ್ನ ನೀವು ಬರೆದುಕೊಡಬೇಕು. ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?”

ಆರು ವಾರದ ಅವಧಿ. ಯಂತ್ರದ ಊಹೆ ನೂರಕ್ಕೆ ಅರವತ್ತು ಸರಿಯಾದರೆ ಟೊಪ್ಪಿಗೆ ನೀಲಗಂಗಾಳದು. ಇಲ್ಲವಾದರೆ ಅದು ಸರದಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ. ಅವಳ ಹಿಂದೆ ಮುನ್ನೂರು ಜನ ಕಾದಿದ್ದರು.

ಅಂದಾನಪ್ಪ ಗದಗಿಗೆ ಮರಳುವ ರೈಲಿನಲ್ಲೇ ಬರೆಯಲು ಕುಳಿತ. ಹುಬ್ಬಳ್ಳಿ ದಾಟುವುದರೊಳಗೆ ಅರ್ಧ, ಗದಗ ಬರುವುದರೊಳಗೆ ಪೂರ್ತಿ. ಸಿಹಿ: ಶೇಂಗಾ ಹೋಳಿಗೆ. ಬಣ್ಣ: ಹಸಿರು. ನೋಡಿದ ಊರುಗಳಲ್ಲಿ ಮೆಚ್ಚಿನದು: ಹಂಪಿ. ಪ್ರತಿ ಉತ್ತರ ಬರೆದಾಗಲೂ ಅವಳಿಗೆ ಓದಿ ಹೇಳಿದ. ಅವಳು ಕಿಟಕಿಯ ಹೊರಗೆ ನೋಡುತ್ತ, ‘ರೈಟ್’ ಎಂದಳು.

ಒಂದೇ ಒಂದು ಪ್ರಶ್ನೆ ಖಾಲಿ ಉಳಿಯಿತು: ಒಬ್ಬರೇ ಇದ್ದಾಗ ಯಾವುದನ್ನು ನೆನೆದು ನಗುತ್ತೀರಿ? ಅವಳು ಒಬ್ಬಳೇ ನಕ್ಕದ್ದನ್ನು ಅವನು ಕಂಡಿರಲಿಲ್ಲ. ಗೆರೆ ಎಳೆದು ಬಿಟ್ಟ.

ವಾರಕ್ಕೆರಡು ಸಲ ಅವರು ಧಾರವಾಡಕ್ಕೆ ಹೋಗುತ್ತಿದ್ದರು. ಗಾಜಿನ ಆಚೆ ನೀಲಗಂಗಾ ಟೊಪ್ಪಿಗೆ ಹಾಕಿಕೊಂಡು ಒರಗುಕುರ್ಚಿಯಲ್ಲಿ, ಈಚೆ ಅರುಂಧತಿ ಪರದೆಯ ಮುಂದೆ, ಅವಳ ಹಿಂದಿನ ಮರದ ಕುರ್ಚಿಯಲ್ಲಿ ಅಂದಾನಪ್ಪ. ಪರದೆಯ ಮೇಲೆ ಸಾಲು ಸಾಲು ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಮೊದಲ ವಾರ ಯಂತ್ರದ ಊಹೆ ನೂರಕ್ಕೆ ಇಪ್ಪತ್ತಾರು ಸರಿಬಂತು. ಎರಡನೆಯ ವಾರ ಇಪ್ಪತ್ತೆರಡು. ಮೂರನೆಯ ವಾರ ಹತ್ತೊಂಬತ್ತು.

ಅರುಂಧತಿ ಗುಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ತಲೆಗೆ ಎಣ್ಣೆ ಹಚ್ಚಬೇಡಿ ಎಂದಳು. ಹಸು, ಬಿಂದಿಗೆಯ ಚಿತ್ರ ತೋರಿಸಿ ನೋಡಿದಳು. ಅದೆಲ್ಲ ಸರಿಯಾಗಿಯೇ ಬಂತು. ಕೊನೆಗೊಂದು ದಿನ ಅಂದಾನಪ್ಪನನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಸರ್, ಯಂತ್ರ ಸರಿಯಾಗಿದೆ. ಅಮ್ಮನ ಅಲೆಗಳೂ ಚೆನ್ನಾಗಿವೆ. ಒಂದೇ ಪ್ರಶ್ನೆ ಹತ್ತು ಸಲ ಕೇಳಿದ್ರೂ ಹತ್ತೂ ಸಲ ಒಂದೇ ಗೆರೆ. ಅವರಿಗೆ ತಮ್ಮ ಉತ್ತರ ಏನು ಅಂತ ಖಚಿತವಾಗಿ ಗೊತ್ತಿದೆ.” ಮುಂದೆ ಬಾಗಿದಳು. “ನಾವು ಯಂತ್ರಕ್ಕೆ ಕಲಿಸ್ತಿರೋ ಉತ್ತರಾನೇ ತಪ್ಪಿರಬಹುದಾ?”

“ಅಂದ್ರ?”

“ಅವರು ಮನಸ್ಸಲ್ಲಿ ಒಂದು ಅಂದ್ಕೋತಿರ್ತಾರೆ. ನಾವು ಅದಕ್ಕೆ ಶೇಂಗಾ ಹೋಳಿಗೆ ಅಂತ ಹೆಸರು ಕೊಡ್ತಿದ್ದೀವಿ. ದಿನ ಹೋದ ಹಾಗೆ ಯಂತ್ರ ಇನ್ನೂ ದಾರಿ ತಪ್ಪುತ್ತೆ.”

ಅಂದಾನಪ್ಪನ ಮುಖ ಕೆಂಪಾಯಿತು. “ಮೇಡಂ, ಮೂವತ್ಮೂರು ವರ್ಷ ಸಂಸಾರ ಮಾಡೇನಿ ಅಕಿ ಜೋಡಿ. ಬರದಿದ್ದೆಲ್ಲ ಓದಿ ತೋರಿಸೇನಿ. ಅಕಿ ರೈಟ್ ಅಂದಾಳ.”

“ಅವರು ಎಲ್ಲದಕ್ಕೂ ರೈಟ್ ಅಂತಾರೆ, ಸರ್,” ಎಂದಳು ಅರುಂಧತಿ ಮೆಲ್ಲಗೆ.

ಅವನು ಎದ್ದು ಬಂದ. ರೈಲಿನಲ್ಲಿ ಹೆಂಡತಿಯ ಎದುರಿಗೆ ಕುಳಿತು ಊರು ಬರುವ ತನಕ ಅವಳ ಮುಖ ನೋಡಲಿಲ್ಲ.

ಎರಡು ದಿನ ಆ ಹಾಳೆಗಳನ್ನು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಉಪ್ಪಿಟ್ಟು ತಿನ್ನಿಸಿ, ಕೈ ತೊಳೆದು, ತನ್ನ ಮೇಜಿಗೆ ಬಂದು, ಬೇರೆ ಯಾರೋ ಬರೆದ ಕರಡು ಎನ್ನುವಂತೆ ಅವನ್ನು ಮುಂದಿಟ್ಟುಕೊಂಡ. ಕೆಂಪು ಪೆನ್ನು ಹಿಡಿದ. ಅವನಿಗೆ ತಿಳಿದ ಓದು ಅದೊಂದೇ: ಬರೆದವನು ಏನು ಹೇಳಬೇಕೆಂದಿದ್ದ ಎಂಬುದನ್ನು ಮರೆತು, ಹಾಳೆಯ ಮೇಲೆ ಏನಿದೆ ಎಂಬುದನ್ನಷ್ಟೇ ನೋಡುವುದು.

ಶೇಂಗಾ ಹೋಳಿಗೆ. ಅವಳು ಹಬ್ಬಹಬ್ಬಕ್ಕೂ ಮಾಡುತ್ತಿದ್ದಳು, ನಿಜ. ತಿನ್ನುತ್ತಿದ್ದವನು ಅವನು. ಹಸಿರು ಬಣ್ಣ. ಹಸಿರು ಸೀರೆ ತರುತ್ತಿದ್ದವನೂ ಅವನೇ. ಹಂಪಿಗೆ ಕರೆದುಕೊಂಡು ಹೋದದ್ದು ಅವನು. ಮೂವತ್ಮೂರು ವರ್ಷದಲ್ಲಿ ಇಬ್ಬರೂ ಕೂಡಿ ನೋಡಿದ ಊರು ಅದೊಂದೇ. ಒಂದೊಂದೇ ಉತ್ತರದ ಕೆಳಗೆ ಗೆರೆ ಎಳೆಯುತ್ತ ಹೋದ. ನೂರಾ ಹತ್ತೊಂಬತ್ತರಲ್ಲಿ ಎಂಬತ್ತೇಳು ಉತ್ತರಗಳು ಅವಳ ಬಗ್ಗೆ ಇರಲೇ ಇಲ್ಲ.

ಹೊರಗಿನ ಕೋಣೆಯಲ್ಲಿ ನೀಲಗಂಗಾ ಕೋಲೂರಿ ನಡೆಯುವ ಸದ್ದು ಕೇಳಿಸುತ್ತಿತ್ತು. ಬಾಗಿಲ ತನಕ ಹೋಗಿ ಮತ್ತೆ ತಿರುಗುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಬರುತ್ತಿದ್ದವಳು. ಆ ಹದಿಮೂರು ತಾಸು ಅವಳು ಏನು ತಿಂದಳು, ಯಾರೊಡನೆ ನಕ್ಕಳು, ಏನು ಮಾತಾಡಿದಳು? ಅದನ್ನು ಬಲ್ಲ ಒಬ್ಬನ ಹೆಸರು ಅವನಿಗೆ ಹೊಳೆಯಿತು. ಅವಳ ಹಳೆಯ ಡೈರಿಯಲ್ಲಿ ನಂಬರು ಹುಡುಕಿ ಫೋನು ಮಾಡಿದ.

ಡ್ರೈವರ್ ಮೌಲಾಸಾಬ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಗಜೇಂದ್ರಗಡದಿಂದ ಬಂದ. ಗದಗ–ನರೇಗಲ್–ಗಜೇಂದ್ರಗಡ ದಾರಿಯಲ್ಲಿ ಹನ್ನೊಂದು ವರ್ಷ ಅವಳೊಂದಿಗೆ ಒಂದೇ ಬಸ್ಸಿನಲ್ಲಿ ದುಡಿದವನು. ನಿವೃತ್ತನಾಗಿ ಎರಡು ವರ್ಷವಾಗಿತ್ತು. ಅವಳನ್ನು ಕಂಡು ಬಾಗಿಲಲ್ಲೇ ನಿಂತ.

“ಅಕ್ಕಾರ, ನಾ ಬಂದೇನ್ರಿ.”

“ರೈಟ್!” ಎಂದಳು ನೀಲಗಂಗಾ. ಆ ಒಂದು ಮಾತನ್ನು ಅವಳು ಅಷ್ಟು ಗೆಲುವಿನಿಂದ ಅಂದದ್ದನ್ನು ಅಂದಾನಪ್ಪ ಎಂಟು ತಿಂಗಳಲ್ಲಿ ಕೇಳಿರಲಿಲ್ಲ.

ಚಹಾ ಆಯಿತು. ಅಂದಾನಪ್ಪ ಹೊಸ ಹಾಳೆ ತೆಗೆದುಕೊಂಡು, ಪ್ರಶ್ನೆ ಓದತೊಡಗಿದ.

“ಅಕಿಗೆ ಯಾವ ಸಿಹಿ ಸೇರತೈತಿ?”

“ಸಿಹೀನ? ಅಕ್ಕಾರಿಗೆ ಸಿಹೀನ ಸೇರೂದಿಲ್ರಿ. ಚಹಾಕ್ಕೂ ಸಕ್ರಿ ಬ್ಯಾಡ ಅಂತಿದ್ರು. ಚಳಿಗಾಲದಾಗ ಹೊಲದವರು ಹಸಿ ಕಡಲಿ ಗಿಡ ತಂದು ಕೊಡ್ತಿದ್ರಲ್ರೀ, ಅದನ್ನ ಸುಲಕೋಂತ ಕುಂತ್ರ ಊಟಾ ಸೈತ ಮರೀತಿದ್ರು.”

“ಬಣ್ಣ?”

ಮೌಲಾಸಾಬ ನಕ್ಕ. “ಖಾಕಿ! ನಾ ಒಮ್ಮೆ ಕೇಳಿದ್ದೆ, ದಿನಾ ಇದನ್ನ ಹಾಕ್ಕೊಂಡು ಬ್ಯಾಸರಾ ಆಗೂದಿಲ್ಲೇನು ಅಂತ. ‘ಸಾಬ್ರ, ಇದಕ್ಕ ಎರಡು ಕಿಸೆ ಅದಾವ. ಸೀರಿಗೆ ಒಂದೂ ಇಲ್ಲ’ ಅಂದ್ರು.”

“ಯಾವುದಕ್ಕ ಅಂಜತಾಳ?”

“ಕೋಳಿಗೆ ರೀ. ಸಂತಿ ದಿನಾ ಯಾರರ ಬುಟ್ಟ್ಯಾಗ ಕೋಳಿ ತಂದ್ರ ಅಕ್ಕಾರು ಮುಂದಿನ ಬಾಗಿಲಕ್ಕ ಬಂದು ನಿಂದರ್ತಿದ್ರು. ಆ ಕೋಳಿಯವರಿಗೆ ಟಿಕೀಟ ನಾನ ಹರದು ಕೊಡಬೇಕಿತ್ತು.”

ನೀಲಗಂಗಾ ಮಂಚದ ಮೇಲೆ ಕುಳಿತು ನಗುತ್ತಿದ್ದಳು. ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೆ ಕಣ್ಣು ಎರಡೂ ನಗುತ್ತಿದ್ದವು. ಅಂದಾನಪ್ಪ ತಲೆ ತಗ್ಗಿಸಿ ಬರೆಯುತ್ತ ಹೋದ. ಅವನ ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

“ಬಾಳ ಖುಷಿಯಾದ ದಿನಾ ಯಾವುದು ಅಂತೈತಿ. ನಾ ಲಗ್ನದ ದಿನಾ ಅಂತ ಬರದಿದ್ದೆ.”

ಮೌಲಾಸಾಬ ನೀಲಗಂಗಾಳ ಕಡೆ ನೋಡಿದ. “ಅಕ್ಕಾರ, ಹೇಳ್ಲ್ಯಾ?”

“ರೈಟ್,” ಎಂದಳು ಅವಳು. ಅದು ಹೂಂ ಎಂದೋ ಬೇಡ ಎಂದೋ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಅವಳು ಎಡಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ಬಡಿದಳು. ಬಸ್ಸು ಹೊರಡಲಿ ಎಂದು ತಗಡು ಬಡಿಯುವ ಹಾಗೆ.

“ಕರೆಂಟಿನ ಬಸ್ ಬಂದ್ವಲ್ರೀ ಸರ, ಆವಾಗ ನಮ್ಮ ಡೀಸೆಲ್ ಗಾಡಿ ಗುಜರಿಗೆ ಹೊಂಟಿತ್ತು. ಅಕ್ಕಾರು ಅದನ್ನ ನಡಸೂದು ಕಲ್ತಿದ್ರು. ನಾನ ಕಲಿಸಿದ್ದೆ. ಡಿಪೋದ ಹಿಂದ ಬಯಲೈತೆಲ್ರಿ, ದಿನಾ ಮಧ್ಯಾಹ್ನ ಅರ್ಧ ತಾಸು. ಕಡೀ ದಿನಾ ಅದನ್ನ ಅವರ ಕೈಯಾಗ ಕೊಟ್ಟೆ. ಮೂರು ಸುತ್ತು ಹೊಡದ್ರು. ಇಳದು, ಬಸ್ಸಿನ ಮಾರಿ ಮುಟ್ಟಿ ನಮಸ್ಕಾರ ಮಾಡಿದ್ರು. ಅವತ್ತ ಅಂದ್ರು, ‘ಇದರಷ್ಟು ಖುಷಿ ನನಗ ಎಂದೂ ಆಗಿಲ್ಲ ಸಾಬ್ರ’ ಅಂತ.”

ಬೀದಿಯಲ್ಲಿ ತರಕಾರಿಯವನು ಕೂಗುತ್ತ ಹೋದ. ಅಂದಾನಪ್ಪ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟ.

“ನನಗ ಯಾಕ ಹೇಳಲಿಲ್ಲ ಅಕಿ?”

“ಹೇಳಿದ್ರಂತ ರೀ,” ಎಂದ ಮೌಲಾಸಾಬ, ಬಲು ಸಂಕೋಚದಿಂದ. “ಅವತ್ತ ಸಂಜಿಕ ಮನಿಗೆ ಬಂದು ಹೇಳಾಕ ಹತ್ತಿದ್ರಂತ. ನೀವು ಏನೋ ತಿದ್ದಾಕ ಹತ್ತಿದ್ರಿ. ‘ಹೂಂ’ ಅಂದ್ರಂತ. ಮತ್ತ ಹೇಳಿದ್ರ ಮತ್ತ ‘ಹೂಂ’ ಅಂದ್ರಂತ. ಇರ್ಲಿ ಬಿಡ್ರಿ, ಮನಿ ಅಂದಮ್ಯಾಲ ಹಂಗ ಇರತೈತಿ.”

ಹೊಸ ಉತ್ತರಗಳನ್ನು ತುಂಬಿಸಿದ ಮೇಲೆ ಯಂತ್ರ ಹಳೆಯದನ್ನೆಲ್ಲ ಮರೆತು ಮೊದಲಿನಿಂದ ಕಲಿಯಿತು. ಐದನೆಯ ವಾರದ ಕೊನೆಗೆ ಊಹೆ ನೂರಕ್ಕೆ ನಲವತ್ನಾಲ್ಕು ಸರಿಬಂತು. ಅರುಂಧತಿ ಪರದೆಯನ್ನು ದಿಟ್ಟಿಸುತ್ತ ಕುರ್ಚಿಯ ಅಂಚಿಗೆ ಬಂದಿದ್ದಳು. ಆದರೆ ಮೌಲಾಸಾಬನಿಗೂ ಗೊತ್ತಿಲ್ಲದ ಪ್ರಶ್ನೆಗಳು ಇನ್ನೂ ಐವತ್ತೆಂಟು ಉಳಿದಿದ್ದವು. ಉಳಿದ ದಿನ ಏಳು.

“ಮಾತಾಡೋಕೆ ಇದು ಸಾಲದು. ಆದ್ರೆ ಒಂದು ಒಳ್ಳೇದಾಗಿದೆ,” ಎಂದಳು. “ಈಗ ಅವರ ಹೌದು ಯಾವುದು, ಅಲ್ಲ ಯಾವುದು ಅಂತ ಯಂತ್ರಕ್ಕೆ ತಿಳಿಯುತ್ತೆ.” ಟೊಪ್ಪಿಗೆಯ ಅಂಚಿಗೆ, ಎಡಗಿವಿಯ ಹತ್ತಿರ, ಮಣಿಯಷ್ಟು ದೀಪವೊಂದನ್ನು ಸಿಕ್ಕಿಸಿದಳು. “ಹೌದು ಅಂದ್ಕೊಂಡ್ರೆ ಹಸಿರು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಅವರನ್ನೇ ಕೇಳಿ.”

ಅಂದಾನಪ್ಪ ಮನೆಯಲ್ಲಿ ಕೇಳಲು ಕುಳಿತ. ಹತ್ತು ಪ್ರಶ್ನೆಯಾಗುವಷ್ಟರಲ್ಲಿ ನೀಲಗಂಗಾ ದಣಿದು ಕಣ್ಣು ಮುಚ್ಚಿದಳು. ಮರುದಿನವೂ ಹಾಗೆಯೇ ಆಯಿತು. ಫೋನಿನಲ್ಲಿ ಮೌಲಾಸಾಬನಿಗೆ ಹೇಳಿದಾಗ ಅವನು, “ಕುಂದ್ರಿಸಿ ಕೇಳಿದ್ರ ಅಕ್ಕಾರು ಯಾವಾಗ ಮಾತಾಡ್ಯಾರ ರೀ? ಗಾಡಿ ನಡದ್ರ ಅವರ ಬಾಯಿ ನಡೀತಿತ್ತು,” ಎಂದ.

ಅರುಂಧತಿಯನ್ನು ಒಪ್ಪಿಸಲು ಒಂದು ಪೂರ್ತಿ ದಿನ ಹಿಡಿಯಿತು. ಟೊಪ್ಪಿಗೆಯನ್ನು ಕೇಂದ್ರದಿಂದ ಅಷ್ಟು ದೂರ ಒಯ್ಯುವ ಪದ್ಧತಿ ಇರಲಿಲ್ಲ. ಕೊನೆಗೆ ತಾನೂ ಜೊತೆಗೆ ಬರುತ್ತೇನೆಂದಳು.

ಹೀಗೆ ಶನಿವಾರ ಬೆಳಿಗ್ಗೆ ಒಂಬತ್ತರ ಗಜೇಂದ್ರಗಡದ ಬಸ್ಸಿಗೆ ಅವರು ಹತ್ತಿದರು. ಮೌಲಾಸಾಬ ಹಿಂದಿನ ರಾತ್ರಿಯೇ ಗದಗಿಗೆ ಬಂದಿದ್ದ. ಕಂಡಕ್ಟರ್ ನೀಲಗಂಗಾಳ ಗುರುತಿನವನು. ಅವಳು ಕೋಲೂರುತ್ತ ನೇರವಾಗಿ ಅವನ ಸೀಟಿನ ಮುಂದೆ ಹೋಗಿ ನಿಂತದ್ದು ಕಂಡು ಏನೂ ಕೇಳದೆ ಎದ್ದು ಜಾಗ ಬಿಟ್ಟ. ಅವಳು ಕುಳಿತಳು. ಟೊಪ್ಪಿಗೆಯ ಮೇಲೆ ಸೆರಗು ಹೊದಿಸಿಕೊಂಡಳು. ಸಾಲಿನ ಆಚೆ ಅರುಂಧತಿ ತೊಡೆಯ ಮೇಲೆ ಪರದೆ ಬಿಚ್ಚಿದಳು. ಅಂದಾನಪ್ಪ ಹೆಂಡತಿಯ ಪಕ್ಕದಲ್ಲಿ ಕಂಬ ಹಿಡಿದು ನಿಂತ.

ಊರು ದಾಟಿ ಕರಿಮಣ್ಣಿನ ಹೊಲಗಳು ತೆರೆದುಕೊಂಡವು. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

“ಈ ದಾರ್‍ಯಾಗ ನಿನಗ ಯಾವ ಜಾಗಾ ಸೇರತೈತಿ? ನರೇಗಲ್ಲ ಸ್ಟ್ಯಾಂಡೇನು?” ದೀಪ ಹತ್ತಲಿಲ್ಲ. “ಗಜೇಂದ್ರಗಡದ ಗುಡ್ಡ?” ಹತ್ತಲಿಲ್ಲ. “ಗಾಳಿ ಫ್ಯಾನ್?” ಇಲ್ಲ. ಮೂರೂ ತಪ್ಪಾದವು. ಅವನು ಮುಂದಿನದಕ್ಕೆ ಹೋದ. ಅದೂ ತಪ್ಪು. ಅದರ ಮುಂದಿನದೂ ತಪ್ಪು. ಒಂದು ಪುಟ ಮುಗಿಯಿತು. ಆಗ ಬಸ್ಸು ಒಂದು ಸಣ್ಣ ಸೇತುವೆಯ ಮೇಲೆ ಏರಿಳಿಯಿತು; ಎಲ್ಲರ ಹೊಟ್ಟೆಯೂ ಒಮ್ಮೆ ಜುಂ ಎಂದಿತು. ಯಾರೂ ಏನೂ ಕೇಳದಿದ್ದರೂ ದೀಪ ಹಸಿರಾಯಿತು.

“ಇಲ್ಲೇನ?” ಎಂದ ಅಂದಾನಪ್ಪ. “ಈ ಜಂಪು?”

ಹಸಿರು.

ಮೌಲಾಸಾಬ ತೊಡೆ ತಟ್ಟಿದ. “ಹೌದ್ರೀ ಸರ! ಇಲ್ಲಿ ಸ್ಪೀಡ ಕಡಿಮಿ ಮಾಡಬ್ಯಾಡ ಅಂತಿದ್ರು ನನಗ!”

ಅಲ್ಲಿಂದ ಅಂದಾನಪ್ಪ ಕೇಳುವ ರೀತಿಯೇ ಬೇರೆಯಾಯಿತು. ಮನಸ್ಸಿನಲ್ಲಿ ಮೂರು ಉತ್ತರ ಕಟ್ಟಿಕೊಂಡು ಒಪ್ಪಿಸುವುದನ್ನು ಬಿಟ್ಟ. ಅವಳು ಎತ್ತ ನೋಡುತ್ತಾಳೋ ಅತ್ತ ನೋಡಿದ. ಹೊಲದಲ್ಲಿ ಕುರಿಮಂದೆ ಬಂದರೆ ಕುರಿಯ ಬಗ್ಗೆ ಕೇಳಿದ, ಶಾಲೆ ಬಂದರೆ ಶಾಲೆಯ ಬಗ್ಗೆ ಕೇಳಿದ. ಅವಳಿಗೆ ಲೆಕ್ಕ ಇಷ್ಟವಾಗಿತ್ತು, ಹಾಡು ಬೇಸರವಾಗಿತ್ತು. ಒಂದು ದಿನದ ಮಟ್ಟಿಗೆ ಅವಳು ಬೇರೆ ಯಾರೂ ಆಗಲು ಬಯಸುತ್ತಿರಲಿಲ್ಲ. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು, “ಕಂಡಕ್ಟರ್ ಬಾಯಿ, ನನ್ನ ಗುರುತು ಐತೇನವಾ?” ಎಂದು ಕೇಳಿ, ದೀಪ ಹಸಿರಾದದ್ದು ಕಂಡು ಕಣ್ಣೊರೆಸಿಕೊಂಡಳು.

“ಯಾರ ಯಾವ ಮಾತು ಕೇಳಿದ್ರ ನಿನಗ ಕಿರಿಕಿರಿ ಆಗತೈತಿ?” ಅಂದಾನಪ್ಪ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. “ನನ್ನ ‘ಹೂಂ’?”

ಹಸಿರು. ತಡವಾಗಲೇ ಇಲ್ಲ.

ಅವನು ಅದನ್ನು ಬರೆದುಕೊಂಡ. ಅರುಂಧತಿ ಪರದೆಯಿಂದ ಕಣ್ಣೆತ್ತದೆ ಕುಳಿತಳು.

ಗಜೇಂದ್ರಗಡ ಸಮೀಪಿಸಿದಾಗ ಹಾಳೆಯಲ್ಲಿ ಉಳಿದದ್ದು, ಅವನು ಮೊದಲ ದಿನ ಗೆರೆ ಎಳೆದು ಬಿಟ್ಟಿದ್ದ ಪ್ರಶ್ನೆ.

“ಒಬ್ಬಾಕಿನ ಇದ್ದಾಗ ಏನು ನೆನಸಿ ನಗತಿ? ಆ ಕೋಳೀ ಬುಟ್ಟೀನ?” ಇಲ್ಲ. “ಮೌಲಾಸಾಬ್ರು ಏನರ ಅಂದಿದ್ದು?” ಇಲ್ಲ. ಅವಳು ಅವನ ಅಂಗಿಯ ಜೇಬಿನ ಕಡೆ ನೋಡುತ್ತಿದ್ದಳು. ಜೇಬಿನಲ್ಲಿ ಕೆಂಪು ಪೆನ್ನಿತ್ತು. “ನಾ? ನಾ ಏನ್ ಮಾಡಿದ್ದು?” ಯೋಚಿಸಿದ. “ಲಗ್ನಪತ್ರಿಕಿ ತಿದ್ದಿದ್ದು? ಮಂದಿ ಲಗ್ನಕ್ಕ ಕರಿಯಾಕ ಬಂದಾಗ, ಅವರ ಎದುರಿಗೇ ಪತ್ರಿಕ್ಯಾಗಿನ ತಪ್ಪು ತಿದ್ದಿ ಕೊಟ್ಟಿದ್ದು?”

ದೀಪ ಹಸಿರಾಯಿತು. ನೀಲಗಂಗಾಳ ಭುಜ ಕುಲುಕತೊಡಗಿತು, ಸೆರಗು ಜಾರಿತು. ಅವಳು ನಗುತ್ತಿದ್ದಳು, ಒಳಗೊಳಗೇ, ಬಹಳ ದಿನದಿಂದ ಯಾರಿಗೂ ತೋರಿಸದೆ ಇಟ್ಟುಕೊಂಡವಳ ಹಾಗೆ. ಅಂದಾನಪ್ಪನಿಗೂ ನಗು ಬಂತು. ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮಂಗಳವಾರ, ಅವಧಿ ಮುಗಿಯುವ ದಿನ, ಧಾರವಾಡದಲ್ಲಿ ಕೊನೆಯ ಪರೀಕ್ಷೆ. ಯಂತ್ರದ ಊಹೆ ನೂರಕ್ಕೆ ಅರವತ್ತೆರಡು ಸರಿಬಂತು. ಅರುಂಧತಿ ಗಾಜಿನ ಬಾಗಿಲು ತೆರೆದು ಒಳಗೆ ಹೋಗಿ, ಅವಳ ಕೊರಳಿಗೆ ಮಾತಿನ ಪೆಟ್ಟಿಗೆ ಹಾಕಿದಳು. ಅಂದಾನಪ್ಪ ಹೊಸ್ತಿಲಲ್ಲಿ ನಿಂತ.

“ಅಮ್ಮ, ಇನ್ನು ಪಟ್ಟಿಯ ಪ್ರಶ್ನೆ ಇಲ್ಲ. ನಿಮಗೀಗ ಏನು ಬೇಕು? ಏನಾದ್ರೂ ಹೇಳಿ.”

ನೀಲಗಂಗಾ ಕಣ್ಣು ಮುಚ್ಚಿದಳು. ಒಂದೊಂದು ಮಾತಿನ ನಡುವೆ ನಾಲ್ಕೈದು ಸೆಕೆಂಡು ಬಿಟ್ಟು, ಯಾರದೋ ಹೆಣ್ಣುದನಿ ಪೆಟ್ಟಿಗೆಯಿಂದ ಬಂತು.

“ಬಾದಾಮಿ... ಅಕ್ಕನ... ಮನಿಗೆ... ಹೋಗಬೇಕು... ಎಂಟು... ದಿನ.”

ಅಂದಾನಪ್ಪ ಮುಂದೆ ಬಂದ. ಅವನ ಕಣ್ಣು ತುಂಬಿತ್ತು. “ಹೋಗೂನು. ನಾಳೆನ ಹೋಗೂನು.”

ಅವಳು ಅವನ ಕೈ ಮೇಲೆ ತನ್ನ ಎಡಗೈ ಇಟ್ಟಳು. ಪೆಟ್ಟಿಗೆ ಮತ್ತೆ ಮಾತಾಡಿತು.

“ನಾ... ಒಬ್ಬಾಕಿನ.”

ಅವನು ನಿಂತೇ ಇದ್ದ. ಗುಳಿಗೆ ಯಾರು ಕೊಡುತ್ತಾರೆ, ಸ್ನಾನಕ್ಕೆ ಯಾರು, ಮೆಟ್ಟಿಲು ಹೇಗೆ ಹತ್ತುತ್ತಿ ಎಂದು ಒಂದರ ಮೇಲೊಂದು ಕೇಳಿದ. “ಅಕ್ಕ... ಅದಾಳ,” ಎಂದಿತು ದನಿ ಪ್ರತಿ ಸಲವೂ. ಸಿಟ್ಟಿರಲಿಲ್ಲ ಅದರಲ್ಲಿ, ಬೇಡಿಕೆಯೂ ಇರಲಿಲ್ಲ. ಎಂಟು ತಿಂಗಳು ಎತ್ತಿ ಇಳಿಸಿ ತೊಳೆದು ಒರೆಸಿದ ಕೈ ತನ್ನದು, ಬಂದ ಮೊದಲ ಮಾತೇ ಇದಾಯಿತಲ್ಲ ಎಂದು ರೈಲಿನಲ್ಲಿ ಅವನಿಗೆ ಅನ್ನಿಸದೆ ಇರಲಿಲ್ಲ. ಹುಬ್ಬಳ್ಳಿ ದಾಟುವ ತನಕ ಅನ್ನಿಸಿತು. ಆಮೇಲೆ ಅವಳ ಹದಿಮೂರು ತಾಸುಗಳ ಬಗ್ಗೆ ಯೋಚಿಸಿದ. ಎಂಟು ತಿಂಗಳಿಂದ ಅವಳು ಒಂದು ಗಳಿಗೆಯೂ ಅವನ ಕಣ್ಣಿನಿಂದ ಆಚೆ ಇರಲಿಲ್ಲ.

ಮರುದಿನ ಚೀಲ ಕಟ್ಟಿದ. ಎರಡು ಹತ್ತಿ ಸೀರೆ, ಗುಳಿಗೆಗಳ ಪಟ್ಟಿ, ಟೊಪ್ಪಿಗೆಯ ಚಾರ್ಜರು. ಬಾದಾಮಿಯಿಂದ ಅಕ್ಕನ ಮಗ ಕಾರು ತಂದು ಕರೆದೊಯ್ದ. ಅಂದಾನಪ್ಪ ಬೀದಿಯ ತಿರುವಿನ ತನಕ ಹಿಂದೆ ಹೋಗಿ, ಮನೆಗೆ ಬಂದು, ಏನು ಮಾಡಬೇಕೆಂದು ತೋಚದೆ ಪಂಚಾಂಗದ ಕರಡು ಬಿಚ್ಚಿದ.

ನಾಲ್ಕನೆಯ ದಿನ ಮಧ್ಯಾಹ್ನ ಫೋನು ಬಂತು.

“ನಾನ್ರೀ,” ಎಂದಿತು ಯಾರದೋ ದನಿ. ಈಗ ಅದು ಅಷ್ಟು ಪರಕೀಯ ಅನ್ನಿಸಲಿಲ್ಲ. “ಊಟ... ಏನು... ಮಾಡಿದ್ರಿ?”

“ಝುಣಕ ಮಾಡಿದ್ದೆ. ಉಪ್ಪು ಹೆಚ್ಚಾತು. ಎರಡು ರೊಟ್ಟಿ ಖಾನಾವಳಿಯಿಂದ ತಂದೆ.” ಇನ್ನೂ ಏನೋ ಹೇಳಬೇಕೆನ್ನಿಸಿತು. “ಹಿತ್ತಲ ಬಾಗಿಲದ ಚಿಲಕ ಸಡ್ಲ ಆಗಿತ್ತಲ್ಲ, ಅದನ್ನ ನಾನ ಬಿಗಿ ಮಾಡಿದೆ.”

“ಚಲೋ... ಆತು.”

ಆಮೇಲೆ ಅವಳು ಅಕ್ಕನ ಮನೆಯ ಸುದ್ದಿ ಹೇಳತೊಡಗಿದಳು. ಎದುರುಮನೆಯವರ ಎಮ್ಮೆ ಹಗ್ಗ ಕಿತ್ತುಕೊಂಡು, ಓಣಿಯಲ್ಲಿ ಓಡಿ, ನೇರವಾಗಿ ಅಕ್ಕನ ಪಡಸಾಲೆಗೆ ನುಗ್ಗಿತಂತೆ. ಅಷ್ಟು ಹೇಳಲು ಐದು ನಿಮಿಷ ಹಿಡಿಯಿತು. ಮಾತು ಮಾತಿನ ನಡುವೆ ಬರೀ ಉಸಿರಾಟ ಕೇಳಿಸುತ್ತಿತ್ತು. ಅಂದಾನಪ್ಪ ಪೆನ್ನಿನ ಟೊಪ್ಪಿ ಮುಚ್ಚಿ, ಕರಡನ್ನು ಪಕ್ಕಕ್ಕೆ ಸರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡಿದ್ದ.

“ನಾ... ಅದರ... ಮುಂದ... ನಿಂತು...”

ಮುಂದಿನ ಮಾತು ಏನೆಂದು ಅವನಿಗೆ ಹೊಳೆದುಬಿಟ್ಟಿತು. ಅಂಜಿ ಚೀರಿರಬೇಕು ಪಾಪ. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ತುಟಿ ಬಿಗಿಹಿಡಿದು ಕಾದ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“...ಹಾಡು... ಹೇಳಿದೆ,” ಎಂದಿತು, ಹಾಡೆಂದರೆ ಬೇಸರ ಎಂದಿದ್ದವಳ ದನಿ.